ಸಿಗದ ಕೆಲಸಕ್ಕೆ ಸಾಕ್ಷಿ

ಪ್ರಕಾಶ ಸಭೆಯ ನಡುವೆ ಎದ್ದು ನಿಂತು, ತನಗೆ ಕೆಲಸ ಕೊಟ್ಟಿದ್ದಕ್ಕಾಗಿ ದೇವರಿಗೆ ಸ್ತೋತ್ರ ಎಂದಾಗ ಅವನ ಹೆಂಡತಿ ಅನ್ನಮ್ಮನಿಗೆ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಅವನಿಗೆ ಕೆಲಸ ಸಿಕ್ಕಿರಲಿಲ್ಲ. ಆ ಬೆಳಿಗ್ಗೆ ಕೂಡ ಕೆಲಸವಿಲ್ಲದ ಗಂಡಸಿನ ಹಾಗೆಯೇ ಗೋಡೆ ನೋಡುತ್ತ ಕಾಫಿ ಕುಡಿದಿದ್ದ. ಆದರೂ ಸುತ್ತ ಕೂತವರೆಲ್ಲ ಕೈತಟ್ಟಿದರು, ಹಲ್ಲೆಲೂಯ ಎಂದರು, ಹಿಂದಿನ ಸಾಲಿನ ಹೆಂಗಸೊಬ್ಬಳು ಅನ್ನಮ್ಮನ ಭುಜ ಹಿಂಡಿ ಕಣ್ಣೊರೆಸಿಕೊಂಡಳು.

ತಿರುಪ್ಪೂರಿನಿಂದ ಪಲ್ಲಡಂಗೆ ಹೋಗುವ ರಸ್ತೆಯಲ್ಲಿ ಒಂದು ನೂಲಿನ ಗೋದಾಮಿನ ಮೇಲ್ಮಹಡಿಯಲ್ಲಿ ಕನ್ನಡದವರ ಸಭೆ ಸೇರುತ್ತಿತ್ತು. ಕೊಳ್ಳೇಗಾಲ, ಮಂಡ್ಯದ ಕಡೆಯಿಂದ ಬನಿಯನ್ ಕಂಪನಿಗಳಿಗೆ ಬಂದವರು, ಕೊಯಮತ್ತೂರಿನ ಕಾಲೇಜುಗಳಲ್ಲಿ ಓದುವ ಕೆಲವು ಮಕ್ಕಳು. ಪಾಸ್ಟರ್ ದೇವರಾಜನ್ ಹೊಸೂರಿನವರು, ಕನ್ನಡ ತಮಿಳು ಎರಡರಲ್ಲೂ ದಣಿಯದೆ ಮಾತಾಡಬಲ್ಲವರು. ಕೆಟ್ಟವರಲ್ಲ. ಯಾರಾದರೂ ಜ್ವರದಿಂದ ಮಲಗಿದ್ದಾರೆ ಎಂದು ಗೊತ್ತಾದರೆ ಮೊಪೆಡ್ಡಿಗೆ ಗಂಜಿಯ ಪಾತ್ರೆ ನೇತುಹಾಕಿಕೊಂಡು ಬರುವವರು. ಆದರೆ ಆ ವರ್ಷ ಚೆನ್ನೈಯ ಯಾವುದೋ ಕೂಟಕ್ಕೆ ಹೋಗಿ ಬಂದ ಮೇಲೆ ಅವರು ಹೊಸ ಪದ್ಧತಿಯೊಂದನ್ನು ಹಿಡಿದಿದ್ದರು. ದೇವರು ಮಾಡಿದ ಉಪಕಾರವನ್ನು ಸಭೆಯ ಮುಂದೆ ಎದ್ದು ಹೇಳುವುದಕ್ಕೆ ಸಾಕ್ಷಿ ಎನ್ನುತ್ತಾರೆ. ಅದನ್ನು ಇನ್ನು ಮೇಲೆ ಉಪಕಾರ ಕೈಸೇರುವ ಮೊದಲೇ ಹೇಳಬೇಕು ಎಂದು ಅವರು ಕಲಿಸತೊಡಗಿದರು.

“ಸಿಕ್ಕಿದ ಮೇಲೆ ಸ್ತೋತ್ರ ಹೇಳೋದಕ್ಕೆ ನಂಬಿಕೆ ಯಾಕೆ ಬೇಕು? ಅದನ್ನ ಯಾರು ಬೇಕಾದ್ರೂ ಹೇಳ್ತಾರೆ,” ಎನ್ನುತ್ತಿದ್ದರು. ತಾವೇ ಪ್ರತಿ ಭಾನುವಾರ, ಸಭೆ ಕಟ್ಟಲು ದೇವರು ಕೊಟ್ಟ ಜಾಗಕ್ಕಾಗಿ ಸ್ತೋತ್ರ ಸಲ್ಲಿಸುತ್ತಿದ್ದರು. ಆ ಜಾಗವನ್ನು ಕಂಡವರು ಯಾರೂ ಇರಲಿಲ್ಲ.

ಪ್ರಕಾಶ ಏಳೆಂಟು ವರ್ಷ ಒಂದು ರಫ್ತು ಕಂಪನಿಯ ಸ್ಟೋರ್ಸ್ ನೋಡಿಕೊಂಡಿದ್ದವನು. ಅಮೆರಿಕದ ಬ್ಯಾಂಕುಗಳು ಮುಳುಗಿದ ಮರುವರ್ಷ ಅಲ್ಲಿಂದ ಆರ್ಡರುಗಳು ನಿಂತವು, ಕಂಪನಿ ಗೇಟಿಗೆ ಬೀಗ ಬಿತ್ತು. ಅನ್ನಮ್ಮ ಬೇರೊಂದು ಕಂಪನಿಯ ಚೆಕಿಂಗ್ ವಿಭಾಗದಲ್ಲಿದ್ದಳು. ಹೊಲಿದು ಬಂದ ಬನಿಯನ್ನುಗಳನ್ನು ಬೆಳಕಿಗೆ ಹಿಡಿದು ತೂತು, ಎಣ್ಣೆ ಕಲೆ, ಬಿಟ್ಟುಹೋದ ಹೊಲಿಗೆ ಹುಡುಕುವ ಕೆಲಸ. ಅವಳಿಗೂ ವಾರಕ್ಕೆ ಮೂರು ನಾಲ್ಕು ದಿನವಷ್ಟೇ ಕರೆ ಬರುತ್ತಿತ್ತು. ಹೀಗೇ ಆದರೆ ಪ್ರಕಾಶ ಕೊಳ್ಳೇಗಾಲಕ್ಕೆ ಹೋಗಿ ಅಣ್ಣನ ಜೊತೆ ಇರುವುದು, ಅವಳು ಎರಡನೇ ಕ್ಲಾಸಿನ ಮಗಳು ಸೃಷ್ಟಿಯನ್ನು ಇಟ್ಟುಕೊಂಡು ಇಲ್ಲೇ ದುಡಿಯುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಆ ಮಾತು ಆಡಿದ ದಿನ ಇಬ್ಬರಿಗೂ ಊಟ ಇಳಿದಿರಲಿಲ್ಲ.

ಹಾಗೆ ನೋಡಿದರೆ ಒಂದು ದಾರಿ ತೆರೆದೇ ಇತ್ತು. ಅವರು ಬಾಡಿಗೆಗಿದ್ದ ವಠಾರದ ಒಡತಿ ಪಳನಿಯಮ್ಮಾಳ್‌ಗೆ ರಂಗಸಾಮಿ ಎಂಬ ತಮ್ಮನಿದ್ದ. ಉಡುಮಲೈಪೇಟೆಯ ಕಡೆ ತೆಂಗು ಬೆಳೆಯುತ್ತಿದ್ದ ಹಳೆಯ ಕನ್ನಡದ ಮನೆತನ. ಅಕ್ಷರ ತಮಿಳು, ವ್ಯವಹಾರ ತಮಿಳು, ಮನೆಯೊಳಗೆ ಮಾತ್ರ ಕನ್ನಡ. ರಂಗಸಾಮಿ ಪಲ್ಲಡಂ ಕಡೆ ಬಟ್ಟೆ ನೇಯುವ ಘಟಕ ಹಾಕಿದ್ದ. ಪ್ರಕಾಶ ಹೋಗಿ ಕೇಳಿದಾಗ ಆತ ಇಲ್ಲ ಎಂದಿರಲಿಲ್ಲ.

“ಆಡಿ ಹೋಗ್ಲಿ ತಂಬಿ. ಆಡೀಲಿ ನಾನು ಹೊಸ ಆಳು ಸೇರಿಸ್ಕೊಳ್ಳಲ್ಲ, ಹೊಸ ಮೆಷಿನ್ ಓಡ್ಸಲ್ಲ. ನಮ್ಮಪ್ಪನ ಕಾಲದಿಂದ ಅಪ್ಪಡಿಯೇ. ಆವಣಿ ಹುಟ್ಟಿದ್ಮೇಲೆ ಬಾ, ಗೋದಾಮು ನೀನೇ ನೋಡ್ಕೋ,” ಎಂದಿದ್ದ.

ಆಡಿ ಎಂದರೆ ನಮ್ಮ ಆಷಾಢವೇ. ಅದು ಕಳೆದರೆ ಆವಣಿ. ಇನ್ನೊಂದು ತಿಂಗಳೂ ಇರಲಿಲ್ಲ. ಅಷ್ಟು ಕಾಯಲಾಗದೆ ಈ ಗಂಡಸು ಸಭೆಯಲ್ಲಿ ಎದ್ದು ನಿಂತಿದ್ದ.

ಮನೆಗೆ ನಡೆಯುವಾಗ ಅನ್ನಮ್ಮ ಕೇಳಿದಳು, “ಯಾರ ಕಂಪನಿ?”

“ಯಾವ್ದು?”

“ನಿಮಗೆ ಸಿಕ್ಕಿದ ಕೆಲಸ. ಯಾರ ಕಂಪನೀಲಿ? ನಾಳೆ ಎಷ್ಟು ಗಂಟೆಗೆ ಡಬ್ಬಿ ಕಟ್ಲಿ?”

“ಗೇಲಿ ಮಾಡ್ಬೇಡ ಅನ್ನಮ್ಮ. ನಂಬಿಕೆಯಿಂದ ಹೇಳಿದ್ದು.”

“ರಂಗಸಾಮಿಯವ್ರು ಆವಣಿಗೆ ಬಾ ಅಂದಿದ್ದಾರಲ್ರೀ. ಒಂದು ಕಡೆ ಕೇಳಿದ್ದೀನಿ, ಅದು ಕೈಗೂಡ್ಲಿ ಅಂತ ಪ್ರಾರ್ಥನೆ ಮಾಡಿ ಅಂದಿದ್ರೆ ಬಾಯಿ ಸವೀತಿತ್ತಾ?”

“ಅದನ್ನ ಪಾಸ್ಟರ್‌ಗೆ ಹೇಳ್ದೆ. ಆಡಿ ಆವಣಿ ನೋಡೋದು ಅವರ ಪದ್ಧತಿ, ದೇವರ ಮಕ್ಕಳು ಯಾಕೆ ಅದಕ್ಕೆ ಕಾಯ್ಬೇಕು ಅಂದ್ರು. ದೇವರು ಕೊಡೋದಾದ್ರೆ ಇವತ್ತೇ ಕೊಡ್ತಾರೆ ಅಂದ್ರು.”

“ಕೊಟ್ರಾ ಮತ್ತೆ?”

ಪ್ರಕಾಶ ಸೃಷ್ಟಿಯ ಕೈ ಹಿಡಿದುಕೊಂಡು ಮುಂದೆ ಹೋದ. ಮಗು ಅಪ್ಪನ ಮುಖವನ್ನೇ ನೋಡುತ್ತಿತ್ತು. “ಅಪ್ಪಾ, ನಿಂಗೆ ನಿಜವಾಗ್ಲೂ ಕೆಲ್ಸ ಸಿಕ್ತಾ?” ಎಂದಿತು. ಅವನು ಹೌದು ಎಂದ. ಅನ್ನಮ್ಮನಿಗೆ ಅವನನ್ನು ಅಲ್ಲೇ ರಸ್ತೆಯಲ್ಲಿ ನಿಲ್ಲಿಸಿ ಕಪಾಳಕ್ಕೆ ಬಿಗಿಯಬೇಕೆನಿಸಿತು. ಪಾಸ್ಟರಿಗೂ.

ಮಾತು ಅಲ್ಲಿಗೇ ನಿಂತಿದ್ದರೆ ಸಭೆಯವರ ನಡುವಿನ ಹುಚ್ಚು ಎಂದು ಸುಮ್ಮನಾಗಬಹುದಿತ್ತು. ಪಾಸ್ಟರ್ ಮರುದಿನ ಬೆಳಿಗ್ಗೆಯೇ ಮನೆಗೆ ಬಂದರು. ಬಾಯಲ್ಲಿ ಹೇಳಿದರೆ ಸಾಲದು, ನಡೆಯಲ್ಲೂ ತೋರಿಸಬೇಕು ಎಂದರು. ಲಡ್ಡು ತಂದು ಅಕ್ಕಪಕ್ಕದವರಿಗೆ ಹಂಚಬೇಕು. ಕೆಲಸಕ್ಕೆ ಹೋಗುವವನ ಹಾಗೆ ಶರ್ಟು ಇಸ್ತ್ರಿ ಮಾಡಿಸಿ, ಡಬ್ಬಿ ಹಿಡಿದು ದಿನಾ ಮನೆಯಿಂದ ಹೊರಡಬೇಕು. ಬಂದು ಸಭೆಯ ಕೋಣೆಯಲ್ಲಿ ಕೂತು ಸಂಜೆಯ ತನಕ ಪ್ರಾರ್ಥನೆ ಮಾಡಬೇಕು.

“ಇದು ನಾಟಕ ಅಲ್ವಾ ಪಾಸ್ಟರ್?” ಎಂದಳು ಅನ್ನಮ್ಮ.

“ಅಲ್ಲ ಸಹೋದರಿ, ಇದು ಬೀಜ ಬಿತ್ತೋದು.”

“ಲಡ್ಡು ನಾನು ಹಂಚಲ್ಲ.”

ಅವಳು ಹಂಚಲಿಲ್ಲ. ಪ್ರಕಾಶನೇ ತಂದು, ಸಭೆಯ ಮುಂದೆ ಸಾಕ್ಷಿ ಹೇಳಿದ್ದನ್ನೂ ತಿಳಿಸಿ, ವಠಾರದ ಒಂದೊಂದು ಬಾಗಿಲಿಗೂ ಕೊಟ್ಟ. ಪಳನಿಯಮ್ಮಾಳ್ ಲಡ್ಡು ಬಾಯಿಗೆ ಹಾಕಿಕೊಂಡು ನೇರ ಅನ್ನಮ್ಮನ ಅಡುಗೆಮನೆಗೇ ಬಂದಳು.

“ಏನಮ್ಮ ಕಣ್ಣು, ಮನೆಯವ್ರಿಗೆ ವೇಲೆ ಸಿಕ್ತಂತಲ್ಲ! ಒಂದು ಮಾತು ಹೇಳ್ಬಾರ್ದಾ? ನಾನು ದಿನಾ ನಿನ್ನ ಮಗುವನ್ನ ನೋಡಿ ಎಷ್ಟು ವೇದನೆ ಪಟ್ಟೆ ಗೊತ್ತಾ? ರೊಂಬ ಸಂತೋಷ.”

ಅನ್ನಮ್ಮ ಬಾಯಿ ತೆರೆದಳು. ಹಿಂದೆ ಪ್ರಕಾಶ ಖಾಲಿ ಡಬ್ಬ ಹಿಡಿದು ನಿಂತಿದ್ದ. ಅವನ ಕಣ್ಣುಗಳು ಬೇಡುತ್ತಿದ್ದವು. ಗಂಡ ಸುಳ್ಳ ಎಂದು ಪರರ ಮುಂದೆ ಹೇಳುವಷ್ಟು ನಾಲಿಗೆ ಅವಳಿಗೆ ಆ ಹೊತ್ತಿನಲ್ಲಿ ಹೊರಳಲಿಲ್ಲ. “ಹೂಂ ಅಕ್ಕಾ,” ಎಂದಳು. ಆ ಎರಡು ಮಾತಿಗಾಗಿ ಆಮೇಲೆ ತನ್ನನ್ನು ತಾನು ಎಷ್ಟು ಬೈದುಕೊಂಡರೂ ಅವಳಿಗೆ ಸಾಕಾಗಲಿಲ್ಲ.

ಮರುದಿನದಿಂದ ಪ್ರಕಾಶ ಇಸ್ತ್ರಿ ಅಂಗಿ ತೊಟ್ಟು ಹೊರಡತೊಡಗಿದ. ಪಳನಿಯಮ್ಮಾಳ್ ಬಾಗಿಲಿಗೆ ಸಗಣಿ ನೀರು ಹಾಕುತ್ತ, “ವೇಲೆ ಹೇಗಿದೆ ತಂಬಿ?” ಎನ್ನುತ್ತಿದ್ದಳು. “ಚೆನ್ನಾಗಿದೆ ಅಕ್ಕ,” ಎನ್ನುತ್ತಿದ್ದ ಅವನು. ಮೊದಮೊದಲು ತಲೆ ತಗ್ಗಿಸಿ ಹೇಳುತ್ತಿದ್ದವನು ಹೋಗುತ್ತ ಹೋಗುತ್ತ ನಗುತ್ತಲೇ ಹೇಳಲು ಕಲಿತ. ಸಂಜೆ ಬಂದು, ದಣಿವಾಗಿದೆ ಎಂದು ಕಾಲು ಚಾಚುತ್ತಿದ್ದ. ಇಡೀ ದಿನ ಮಂಡಿಯೂರಿದ್ದರೆ ದಣಿವೂ ಆಗಿರಬೇಕು. ಅದನ್ನು ಅವಳು ಅಲ್ಲಗಳೆಯಲಿಲ್ಲ. ಆದರೆ ಮಂಡಿಯೂರುವ ಹೊತ್ತಿನಲ್ಲಿ ಎರಡು ಗೇಟು ತಟ್ಟಬಹುದಿತ್ತು. ತಟ್ಟುವಂತಿರಲಿಲ್ಲ. ಸಿಕ್ಕಿದ ಕೆಲಸವನ್ನು ಮತ್ತೆ ಹುಡುಕಿದರೆ ಅದು ಅಪನಂಬಿಕೆ ಎಂದು ಪಾಸ್ಟರ್ ಹೇಳಿದ್ದರು.

ಅನ್ನಮ್ಮನ ಅವ್ವನಿಗೂ ಕಾದು ಗೊತ್ತಿತ್ತು. ಅಪ್ಪ ಕಾಯಿಲೆಯಾಗಿ ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವಳು ದಿನಾ ಒಂದೇ ಪ್ರಾರ್ಥನೆ ಮಾಡುತ್ತಿದ್ದಳು: ಸ್ವಾಮಿ, ಇವತ್ತೂ ಎದ್ದು ಕೂರಲಿಲ್ಲ, ನೀನು ನೋಡ್ಕೋ. ವಾಸಿಯಾಯಿತು ಎಂದು ಒಂದು ದಿನವೂ ಹೇಳಲಿಲ್ಲ. ಅದರಿಂದ ಅವಳ ನಂಬಿಕೆ ಸವೆದದ್ದನ್ನೂ ಅನ್ನಮ್ಮ ಕಾಣಲಿಲ್ಲ. ದೇವರ ಕಿವಿಗೆ ಇದ್ದದ್ದನ್ನು ಇದ್ದ ಹಾಗೆ ಹಾಕಲು ಇವರಿಗೆ ಯಾಕೆ ಇಷ್ಟು ಹೆದರಿಕೆ?

ಆವಣಿ ಬಂತು. ಪ್ರಕಾಶ ರಂಗಸಾಮಿಯ ಹತ್ತಿರ ಹೋಗಲಿಲ್ಲ. ದೇವರು ಬೇರೇನೋ ಇಟ್ಟಿರಬಹುದು ಎಂದು ಎರಡು ದಿನ ಎಳೆದ. ಮೂರನೆಯ ದಿನ ಅನ್ನಮ್ಮ ಕೆಲಸಕ್ಕೆ ರಜೆ ಹಾಕಿ, ಅವನನ್ನು ಮುಂದೆ ಮಾಡಿಕೊಂಡು ಪಲ್ಲಡಂ ಬಸ್ಸು ಹತ್ತಿದಳು.

ರಂಗಸಾಮಿ ಘಟಕದ ಬಾಗಿಲಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ. ಒಳಗೆ ಮೆಷಿನ್ನುಗಳು ತಿರುಗುತ್ತಿದ್ದವು. “ವಾಂಗೋ ಅಮ್ಮಣಿ, ವಾ ತಂಬಿ,” ಎಂದು ಇನ್ನೆರಡು ಕುರ್ಚಿ ತರಿಸಿದ. “ಏನ್ ತಂಬಿ, ಲೀವಾ ಇವತ್ತು?”

ಪ್ರಕಾಶ ಕುರ್ಚಿಯ ತುದಿಯಲ್ಲಿ ಕೂತ. “ಅಣ್ಣಾ, ಆವಣಿಗೆ ಬಾ ಅಂದಿದ್ರಲ್ಲ. ಅದಕ್ಕೇ ಬಂದೆ.”

“ಯಾತಕ್ಕೆ?”

“ಗೋದಾಮಿನ ಕೆಲಸಕ್ಕೆ.”

ರಂಗಸಾಮಿ ಲೋಟ ಕೆಳಗಿಟ್ಟ. “ನಿಂಗೆ ವೇಲೆ ಸಿಕ್ಕಿಬಿಡ್ತಲ್ಲ! ಅಕ್ಕ ಹೇಳ್ತು. ನೀ ಕೊಟ್ಟ ಲಡ್ಡು ನಾನೂ ತಿಂದೆ. ಆಯ್ತು, ನಮ್ಮ ಹುಡುಗ ಬದುಕ್ಕೊಂಡ ಅಂತ, ಮಡತ್ತುಕುಳಂ ಕಡೆಯ ಸತೀಶ್ ಕುಮಾರ್‌ನ ಕರೆದು ಸೊಲ್ಲಿಬಿಟ್ಟೆ. ಆವಣಿ ಹುಟ್ಟಿದ ದಿನವೇ ಬಂದು ಸೇರ್ಕೊಂಡ. ನೋಡು, ಒಳಗವ್ನೆ.”

ಒಳಗೆ ಕನ್ನಡಕದ ಯುವಕನೊಬ್ಬ ಬಟ್ಟೆಯ ಸುರುಳಿಗಳ ನಡುವೆ ಓಡಾಡುತ್ತಿದ್ದ.

“ಸಿಕ್ಕಿರಲಿಲ್ಲ ಅಣ್ಣ,” ಎಂದ ಪ್ರಕಾಶ.

“ಸಿಕ್ಕಿರಲಿಲ್ವಾ? ಮತ್ತೆ ದಿನಾ ಡಬ್ಬಿ ಹಿಡ್ಕೊಂಡು ಎಲ್ಲಿಗೆ ಹೋಗ್ತಿದ್ದೆ ನೀನು?”

“ಪ್ರಾರ್ಥನೆಗೆ.”

ರಂಗಸಾಮಿ ಅನ್ನಮ್ಮನ ಕಡೆ ತಿರುಗಿದ, ಇವನ ತಲೆ ಸರಿಯಿದೆಯಾ ಎಂದು ಕೇಳುವವನ ಹಾಗೆ. ಆಮೇಲೆ ಅವನಿಗೆ ನಿಜವಾಗಿ ಸಿಟ್ಟು ಬಂತು. “ನಾನು ಸಂಶಯ ಪಟ್ಟೆ ತಂಬಿ, ಇಷ್ಟು ಬೇಗ ಎಲ್ಲಿ ಸಿಕ್ತು ಅಂತ. ಅಕ್ಕನೇ ಬೈತು ನನ್ನ. ಅವ್ರ ಸಾಮಿ ಮುಂದೆ, ಅಷ್ಟು ಜನದ ಮುಂದೆ ನಿಂತು ಹೇಳವ್ರೆ, ಸಾಮಿ ಮುಂದೆ ನಿಂತು ಯಾವನಾದ್ರೂ ಸುಳ್ಳು ಹೇಳ್ತಾನಾ ಅಂತು. ಸರಿ ಅಂತ ನಂಬಿದೆ. ಆಡಿ ಅಂತ ನಾನು ಒಂದು ತಿಂಗಳು ಹೊಸ ಮೆಷಿನ್ ಸುಮ್ನೆ ನಿಲ್ಸಿದ್ದೆ. ನಿಮ್ಮ ಸಾಮಿಗೆ ಅಷ್ಟು ಅವಸರವಾ?”

ಅವನು ಇನ್ನೊಂದು ಚಹಾ ತರಿಸಿದ. ಪ್ರಕಾಶ ಕುಡಿಯಲಿಲ್ಲ. ಅನ್ನಮ್ಮ ಕುಡಿದಳು. ಆತ ಮಾಡಿದ್ದರಲ್ಲಿ ಒಂದು ತಪ್ಪನ್ನಾದರೂ ಹುಡುಕಲು ಅವಳು ನೋಡಿದಳು, ಒಂದೂ ಸಿಗಲಿಲ್ಲ. ಸೇರಿಕೊಂಡವನನ್ನು ಹೊರಗೆ ಹಾಕಿ ಎಂದು ಕೇಳುವ ಮುಖವಂತೂ ಅವರಿಗಿರಲಿಲ್ಲ.

ಬಸ್ಸಿನಿಂದಿಳಿದವಳು ಮನೆಗೆ ಹೋಗಲಿಲ್ಲ, ಸಭೆ ಸೇರುವ ಗೋದಾಮಿನ ಮೆಟ್ಟಿಲು ಹತ್ತಿದಳು. ಪಾಸ್ಟರ್ ದೇವರಾಜನ್ ಫ್ಯಾನಿನ ಕೆಳಗೆ ಭಾನುವಾರದ ಪ್ರಸಂಗ ಸಿದ್ಧಮಾಡುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

“ಇದು ಪರೀಕ್ಷೆ ಸಹೋದರಿ. ಇದಕ್ಕಿಂತ ದೊಡ್ಡದನ್ನ ದೇವರು ಇಟ್ಟಿದ್ದಾರೆ. ಕಾಯ್ಬೇಕು.”

“ಕಾಯ್ಬೇಕು ಅನ್ನೋ ಮಾತು ನಿಮ್ಮ ಬಾಯಲ್ಲಿ ಈಗ ಬಂತಾ ಪಾಸ್ಟರ್? ಆಡಿ ಮುಗಿಯೋ ತನಕ ಕಾಯ್ತೀವಿ ಅಂದಾಗ ಬೇಡ ಅಂದ್ರಿ. ಹೊಟ್ಟೆಗೆ ಹಿಟ್ಟಿಲ್ಲದೋರು ಹೇಗೋ ಕಾಯ್ತಿದ್ವು. ಕಾಯೋಕೆ ಆಗದೆ ಇದ್ದೋರು ನೀವು.”

“ಅನ್ಯರ ಕೈಯಿಂದ...”

“ಯಾರ ಕೈಯಿಂದ ಕೊಡ್ಬೇಕು ಅಂತ ದೇವರಿಗೆ ನೀವು ಹೇಳಿಕೊಡ್ತೀರಾ? ನಾನು ದಿನಾ ಬನಿಯನ್ ನೋಡೋಳು. ತೂತಿದ್ರೆ ತೂತಿದೆ ಅಂತ ಪಕ್ಕಕ್ಕಿಡ್ತೀನಿ. ಚೆನ್ನಾಗಿದೆ ಅಂತ ನಂಬಿಕೆಯಿಂದ ಪ್ಯಾಕ್ ಮಾಡಿ ಕಳಿಸಿದ್ರೆ ತೂತು ಮುಚ್ಕೊಳ್ಳುತ್ತಾ?”

ಪಾಸ್ಟರ್ ಮುಖ ಕೆಂಪಾಯಿತು. ಕೋಪವೋ, ನಾಚಿಕೆಯೋ ಅವಳಿಗೆ ತಿಳಿಯಲಿಲ್ಲ. “ನೀವು ನೊಂದಿದ್ದೀರಿ. ನಾವೆಲ್ಲ ಪ್ರಾರ್ಥಿಸೋಣ. ಆದ್ರೆ ಇದನ್ನ ಸಭೆಯಲ್ಲಿ ಎತ್ತಬೇಡಿ. ಹೊಸಬರು ಬರ್ತಾರೆ, ಬಲಹೀನರಿದ್ದಾರೆ. ಅವರ ನಂಬಿಕೆ ಬಿದ್ದುಹೋಗುತ್ತೆ.”

ಎತ್ತಬೇಡಿ ಎಂದದ್ದೇ ಅವಳಿಗೆ ದಾರಿ ತೋರಿಸಿತು.

ಭಾನುವಾರ ಸಾಕ್ಷಿಯ ಹೊತ್ತಿಗೆ ಒಬ್ಬ ಹುಡುಗ ಎದ್ದು, ಬರೆಯದ ಪರೀಕ್ಷೆಯಲ್ಲಿ ಪಾಸಾಗಿದ್ದಕ್ಕಾಗಿ ಸ್ತೋತ್ರ ಹೇಳಿದ. ಅವನು ಕೂತ ಮೇಲೆ ಅನ್ನಮ್ಮ ಎದ್ದಳು.

“ನನ್ನ ಗಂಡನಿಗೆ ಕೆಲಸ ಸಿಕ್ಕಿಲ್ಲ,” ಎಂದಳು.

ಪ್ರಕಾಶ ಅವಳ ಸೆರಗು ಹಿಡಿದೆಳೆದ. ಪಾಸ್ಟರ್ ಕೀಬೋರ್ಡಿನ ಮುಂದಿದ್ದ ಭಾವನಾಳ ಕಡೆ ಕೈಸನ್ನೆ ಮಾಡಿದರು. ಕೊಯಮತ್ತೂರಿನ ಕಾಲೇಜಿನ ಆ ಹುಡುಗಿ ಗಾಬರಿಯಾಗಿ ಒಂದು ಹಾಡು ಎತ್ತಿಕೊಂಡಳು. ಎಲ್ಲರೂ ಎದ್ದು ಚಪ್ಪಾಳೆ ಹೊಡೆದು ಹಾಡಿದರು. ಮುಗಿದ ಮೇಲೆ ಕೂತರು. ಅನ್ನಮ್ಮ ಕೂರಲಿಲ್ಲ. ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ ಪಾಸ್ಟರ್ ತಾವೇ ಇನ್ನೊಂದು ಹಾಡು ಶುರು ಮಾಡಿದರು. ಅದು ಉದ್ದನೆಯ ಹಾಡು, ಪಲ್ಲವಿಯನ್ನು ಎರಡೆರಡು ಸಲ ಹೇಳಿಸಿದರು. ಅನ್ನಮ್ಮ ಹಾಡಲೂ ಇಲ್ಲ, ಅಳಲೂ ಇಲ್ಲ. ಬಸ್ಸಿಗೆ ನಿಂತವಳ ಹಾಗೆ ಕೈಕಟ್ಟಿ ನಿಂತಿದ್ದಳು. ಕಾಯಬೇಕು ತಾನೇ, ಕಾಯುತ್ತೇನೆ, ಎಂದುಕೊಂಡಳು. ಎರಡನೆಯ ಹಾಡು ಮುಗಿಯಿತು. ಪಾಸ್ಟರ್ ಮತ್ತೆ ಕೈ ಎತ್ತಿದರು. ಭಾವನಾ ಈ ಸಲ ಕೀಬೋರ್ಡಿನ ಮೇಲಿಂದ ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಪಾಸ್ಟರ್ ಒಬ್ಬರೇ ಒಂದು ಸಾಲು ಹಾಡಿದರು. ಜೊತೆಗೆ ಎದ್ದ ನಾಲ್ಕೈದು ದನಿಗಳು ಅರ್ಧಕ್ಕೇ ಅಡಗಿದವು.

“ಕೆಲಸ ಸಿಕ್ಕಿಲ್ಲ,” ಎಂದಳು ಅನ್ನಮ್ಮ ಮತ್ತೆ. “ಸಿಗೋದಿತ್ತು. ಸಿಕ್ತು ಅಂತ ಇಲ್ಲಿ ಸಾಕ್ಷಿ ಹೇಳಿ, ಲಡ್ಡು ಹಂಚಿದ್ವು. ಕೊಡ್ಬೇಕಾದೋರು ಅದನ್ನ ನಂಬಿ ಬೇರೆಯವ್ರಿಗೆ ಕೊಟ್ರು. ಅವ್ರದ್ದೇನೂ ತಪ್ಪಿಲ್ಲ. ದೇವರ ಮುಂದೆ ಹೇಳೋ ಮಾತು ನಿಜ ಇರುತ್ತೆ ಅಂದ್ಕೊಂಡ್ರು ಪಾಪ. ದೇವರನ್ನ ಕಾಣದೋರಿಗೆ ಇರೋ ಭಯ ನಮಗೆ ಇಲ್ದೆ ಹೋಯ್ತು. ನನಗೂ ಇರಲಿಲ್ಲ. ಹೂಂ ಅಂದೋಳು ನಾನೇ.”

“ಸಹೋದರಿ, ನಂಬಿಕೆ ಬಿಡಬೇಡಿ,” ಎಂದರು ಪಾಸ್ಟರ್. ದನಿ ಸಣ್ಣದಾಗಿತ್ತು.

“ಬಿಟ್ಟಿದ್ರೆ ಮನೇಲಿ ಬಟ್ಟೆ ಒಗೀತಾ ಇರ್ತಿದ್ದೆ ಪಾಸ್ಟರ್. ಇಲ್ಲಿ ಯಾಕೆ ನಿಂತಿರ್ತಿದ್ದೆ?”

ಯಾರೂ ಆಮೆನ್ ಎನ್ನಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಇಶ್ಶಿ ಎಂದರು. ಸೆರಗು ಹಿಡಿದಿದ್ದ ಪ್ರಕಾಶನ ಕೈ ಸಡಿಲವಾದದ್ದು ಅನ್ನಮ್ಮನಿಗೆ ಗೊತ್ತಾಯಿತು. ಕುರ್ಚಿ ಕಿರ್ರೆಂದಿತು. ಅವನು ಎದ್ದು ನಿಂತಿದ್ದ. ನೆಲ ನೋಡುತ್ತಲೇ ಮಾತಾಡಿದ.

“ನಾನು ಹೇಳಿದ್ದು ಸುಳ್ಳು. ನನಗೆ ಕೆಲಸ ಇಲ್ಲ. ದೇವರನ್ನ ಇನ್ನೂ ಕೇಳ್ತಾ ಇದ್ದೀನಿ. ನಿಮ್ಮ ಕಂಪನಿಗಳಲ್ಲಿ ಏನಾದ್ರೂ ಇದ್ರೆ ಹೇಳಿ. ಸ್ಟೋರ್ಸ್ ಕೆಲಸ ಬರುತ್ತೆ. ಲೋಡ್ ಹೊರೋದಾದ್ರೂ ಸರಿ.” ಆಮೇಲೆ ಪಕ್ಕದಲ್ಲಿದ್ದ ಮಗಳ ಕಡೆ ತಿರುಗಿ, ಎಲ್ಲರಿಗೂ ಕೇಳಿಸುವ ಹಾಗೆಯೇ, “ಸಿಕ್ಕಿಲ್ಲ ಪುಟ್ಟಿ,” ಎಂದ.

ಅಂದು ಕೂಟ ಬೇಗ ಮುಗಿಯಿತು. ಮೆಟ್ಟಿಲ ಹತ್ತಿರ ಕೆಲವರು ಅವರನ್ನು ದಾಟಿಕೊಂಡು ಹೋದರು, ಮಾತಾಡಿಸಲಿಲ್ಲ. ಮಂಡ್ಯದ ಕಡೆಯವನೊಬ್ಬ ಮಾತ್ರ ನಿಂತು, ತನ್ನ ಕಂಪನಿಯಲ್ಲಿ ಸದ್ಯಕ್ಕೆ ಏನೂ ಇಲ್ಲ, ದೀಪಾವಳಿಯ ಹೊತ್ತಿಗೆ ಕೇಳಿ ನೋಡುತ್ತೇನೆ ಎಂದ. ಇಲ್ಲ ಎಂಬುದನ್ನು ಇಲ್ಲ ಎಂದು ಹೇಳಿದ ಆ ಮನುಷ್ಯನ ಮೇಲೆ ಅನ್ನಮ್ಮನಿಗೆ ಗೌರವ ಬಂತು. ಪಳನಿಯಮ್ಮಾಳ್‌ಗೆ ಅವಳೇ ಹೋಗಿ ವಿಷಯ ಹೇಳಿದಳು, ಬೈಸಿಕೊಂಡಳು. ಎರಡು ದಿನ ಆ ಮುದುಕಿ ಅವರ ಬಾಗಿಲ ಕಡೆ ತಿರುಗಿ ನೋಡಲಿಲ್ಲ.

ಸೋಮವಾರ ಪ್ರಕಾಶ ಹಳೆಯ ಅಂಗಿಯಲ್ಲೇ ಹೊರಟು ರಸ್ತೆಯ ಆ ಬದಿ ಈ ಬದಿಯ ಗೇಟುಗಳಲ್ಲಿ ಕೇಳುತ್ತ ಹೋದ. ಸಂಜೆ ಬಂದಾಗ ಕಾಲಿಗೆ ಬೊಬ್ಬೆ ಬಂದಿತ್ತು. ಕೊಳ್ಳೇಗಾಲಕ್ಕೆ ಹೋಗುವುದೋ ಬಿಡುವುದೋ ಎಂದು ಅವನು ಕೇಳಿದ. ದೀಪಾವಳಿಯವರೆಗೆ ಇಲ್ಲೇ ಇರಿ ಎಂದಳು ಅವಳು. ಅಲ್ಲಿಯವರೆಗೆ ಅರ್ಧ ಸಂಬಳದಲ್ಲಿ ಹೇಗೆ ನಡೆಯುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಊಟಕ್ಕೆ ಮುಂಚೆ ಮೂವರೂ ಚಾಪೆಯ ಮೇಲೆ ಕೂತರು. ಪ್ರಕಾಶನಿಗೆ ಪ್ರಾರ್ಥನೆಯ ಮಾತು ಹೊರಡಲಿಲ್ಲ. ಅನ್ನಮ್ಮ ಕಣ್ಣು ಮುಚ್ಚಿದಳು. ಅವಳ ದನಿಯಲ್ಲಿ ಸಿಟ್ಟು ಹಾಗೇ ಇತ್ತು, ಅದನ್ನು ಮರೆಮಾಚುವ ಗೋಜಿಗೆ ಅವಳು ಹೋಗಲಿಲ್ಲ.

“ಸ್ವಾಮಿ, ಇವತ್ತೂ ಸಿಗಲಿಲ್ಲ. ಕೇಳಿದ ಕಡೆಯೆಲ್ಲ ಇಲ್ಲ ಅಂದ್ರು. ಇವ್ರ ಕಾಲು ನೋಡು. ನೀನು ಯಾವಾಗ ಕೊಡ್ತೀಯೋ ನಂಗೊತ್ತಿಲ್ಲ, ಕೊಟ್ಟೆ ಅಂತ ಇನ್ನೊಂದ್ಸಲ ಹೇಳಲ್ಲ. ನಾವು ಇಲ್ಲೇ ಇದ್ದೀವಿ.”

ಆಮೇಲೆ ಎದ್ದು ಅನ್ನ ಬಡಿಸಿದಳು.